ಬರಹಗಾರನ ಸೀಮೋಲ್ಲಂಘನ

"ದೇಶ ಸುತ್ತಬೇಕು, ಕೋಶ ಓದಬೇಕು" ಎಂಬುದು ನಮ್ಮ ಹಿರಿಯರ ಮಾತು. ದೇಶವನ್ನೂ ತೋರಿಸಿ, ಕೋಶವನ್ನೂ ಮುಂದಿಟ್ಟು, ಅದರ ಮೇಲೆ ಬರೆಯುವುದಕ್ಕೆ ಬಿಡುವನ್ನೂ ಕೊಟ್ಟರೆ ಲೇಖಕನಾದವನಿಗೆ ಇನ್ನೇನು ಬೇಕು? ಪರದೇಶಗಳಲ್ಲಿ ರೈಟರ್ಸ್ ರೆಸಿಡೆನ್ಸಿ ಎಂಬ ಹೆಸರಿನಿಂದ ನಡೆಯುತ್ತಿರುವ ಏರ್ಪಾಡು ಇಂಥದು. ಒಬ್ಬ ಕವಿಯನ್ನೋ ಕಥೆಗಾರ್ತಿಯನ್ನೋ ಕೆಲವು ವಾರ ಅಥವಾ ಕೆಲವು ತಿಂಗಳ ಕಾಲ ಕರೆಸಿಕೊಂಡು, ಇರಲು ಒಂದು ಕೋಣೆ, ಬರೆಯಲು ಒಂದು ಮೇಜು, ಹೊತ್ತುಹೊತ್ತಿಗೆ ಊಟ, ಕೆಲವು ಕಡೆ ಕೈಖರ್ಚಿಗೆ ಹಣ, ಇಷ್ಟನ್ನು ಕೊಡುತ್ತಾರೆ. ಪ್ರತಿಯಾಗಿ ಕೇಳುವುದು ಒಂದನ್ನೇ: ನಿಮ್ಮ ಬರವಣಿಗೆಯನ್ನು ನೀವು ಮಾಡಿಕೊಳ್ಳಿ ಎಂದು. ಇದಕ್ಕೆ ಕನ್ನಡದಲ್ಲಿ ಒಂದು ಹೆಸರು ಇನ್ನೂ ನೆಲೆನಿಂತಂತೆ ಕಾಣುವುದಿಲ್ಲ. ವನವಾಸ, ಗುರುಕುಲವಾಸ ಎಂಬ ಮಾತುಗಳು ನಮ್ಮಲ್ಲಿ ಇರುವುದರಿಂದ ಈ ಲೇಖನದ ಮಟ್ಟಿಗೆ ಇದನ್ನು "ಬರಹವಾಸ" ಎಂದು ಕರೆಯುತ್ತೇನೆ. ಸಹೃದಯರು ಒಪ್ಪಿಸಿಕೊಳ್ಳಬೇಕು.

ಇಂಥ ಬರಹವಾಸಕ್ಕೆ ನಮ್ಮವರೊಬ್ಬರು ಆಯ್ಕೆಯಾದರೆ ಅದು ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಊರಿನ ಸಂಘದವರು ಶಾಲು ಹೊದಿಸಿ ಬೀಳ್ಕೊಡುತ್ತಾರೆ. ವಿಮಾನ ಹತ್ತುವ ದಿನದ ಭಾವಚಿತ್ರ ಎಲ್ಲರಿಗೂ ಸಿಗುತ್ತದೆ. ಆದರೆ ಆ ವಾಸ ಮುಗಿಯುವ ದಿನವನ್ನು ಕುರಿತು ಯಾರೂ ಮಾತನಾಡುವುದಿಲ್ಲ. ಮೇಜಿನ ಮೇಲಿನ ಹಾಳೆಗಳನ್ನು ಒಟ್ಟುಮಾಡಿ, ಕೋಣೆಯ ಬೀಗದ ಕೈಯನ್ನು ಒಪ್ಪಿಸಿ, ಗೆಳೆಯರಾದವರ ಕೈಹಿಡಿದು ಹೊರಡುವ ಆ ದಿನವು ಕೇವಲ ಪ್ರಯಾಣದ ದಿನವೆಂದು ನಾವು ತಿಳಿದಿದ್ದೇವೆ. ಈ ತಿಳಿವಳಿಕೆ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬರಹವಾಸದ ದಿನಗಳಲ್ಲೆಲ್ಲ ಅತ್ಯಂತ ಮುಖ್ಯವಾದದ್ದು ಕೊನೆಯ ದಿನವೇ. ಏಕೆಂದರೆ ಬರಹವಾಸವು ಬಹುಮಾನವಲ್ಲ, ಸಾಲ. ಕೊನೆಯ ದಿನ ಅದು ತೀರುವುದಿಲ್ಲ. ತೀರಿಸುವ ಕೆಲಸ ಅಂದಿನಿಂದ ಮೊದಲಾಗುತ್ತದೆ. ಆ ಸಾಲ ಸಲ್ಲಬೇಕಾದದ್ದು ಕೊಟ್ಟ ದೇಶಕ್ಕಲ್ಲ, ಲೇಖಕನ ಸ್ವಂತ ಭಾಷೆಗೆ.

ಈ ಮಾತು ನಮಗೆ ಹೊಸದೆಂದು ತೋರಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಯತಿಗಳು ಮಳೆಗಾಲದಲ್ಲಿ ಒಂದೇ ಊರಿನಲ್ಲಿ ನೆಲೆನಿಂತು ಚಾತುರ್ಮಾಸ್ಯ ವ್ರತವನ್ನು ಆಚರಿಸುವುದುಂಟು. ಜೈನ ಮುನಿಗಳಿಗೂ ಬೌದ್ಧ ಭಿಕ್ಷುಗಳಿಗೂ ಇಂಥ ವರ್ಷಾವಾಸದ ನಿಯಮವಿದೆ. ಊರಿನವರು ಇರುವುದಕ್ಕೆ ನೆಲೆಯನ್ನೂ ಆಹಾರವನ್ನೂ ಒದಗಿಸುತ್ತಾರೆ. ಬಂದವರು ಅಧ್ಯಯನ, ಪ್ರವಚನಗಳಲ್ಲಿ ಕಾಲ ಕಳೆಯುತ್ತಾರೆ. ವ್ರತ ಮುಗಿದ ದಿನ ಯತಿಗಳು ಊರಿನ ಎಲ್ಲೆಯನ್ನು ದಾಟಿ ಹೋಗಬೇಕು. ಅದಕ್ಕೆ ಸೀಮೋಲ್ಲಂಘನವೆಂದು ಹೆಸರು. ಎಲ್ಲೆಯನ್ನು ದಾಟದೆ ವ್ರತ ಪೂರ್ಣವಾಗುವುದಿಲ್ಲ. ನಿಲ್ಲುವುದಕ್ಕೆ ಅನುಮತಿ ಎಷ್ಟು ಮುಖ್ಯವೋ ಹೊರಡುವುದಕ್ಕೆ ವಿಧಿಯೂ ಅಷ್ಟೇ ಮುಖ್ಯವೆಂದು ಹಿಂದಿನವರು ಕಂಡುಕೊಂಡಿದ್ದರು. ಪರದೇಶದ ಬರಹವಾಸವೂ ಇಂಥದೇ ಒಂದು ಚಾತುರ್ಮಾಸ್ಯವೆಂದು ನಾನು ಭಾವಿಸುತ್ತೇನೆ.

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಪೀಟರ್‌ಬರೊ ಎಂಬ ಊರಿನಲ್ಲಿ ಮ್ಯಾಕ್‌ಡೊವೆಲ್ ಎಂಬ ಕಲಾವಿದರ ನೆಲೆಯಿದೆ. ಸಂಗೀತ ರಚನಕಾರರಾದ ಎಡ್ವರ್ಡ್ ಮ್ಯಾಕ್‌ಡೊವೆಲ್ ಮತ್ತು ಅವರ ಪತ್ನಿ ಮೇರಿಯನ್ ಇದನ್ನು ೧೯೦೭ರಲ್ಲಿ ಸ್ಥಾಪಿಸಿದರು. ಮರುವರ್ಷವೇ ಎಡ್ವರ್ಡ್ ತೀರಿಕೊಂಡರು. ಆ ತಾಯಿ ಎದೆಗುಂದದೆ, ಊರೂರಿಗೆ ಹೋಗಿ ಪಿಯಾನೊ ನುಡಿಸಿ ಹಣ ಕೂಡಿಸಿ, ಆ ನೆಲೆಯನ್ನು ಉಳಿಸಿ ಬೆಳೆಸಿದರು. ಕಾಡಿನ ನಡುವೆ ಒಂದಕ್ಕೊಂದು ದೂರವಾಗಿ ಕಟ್ಟಿದ ಪುಟ್ಟ ಮನೆಗಳು. ಬರೆಯುವವರಿಗೆ ಅಡ್ಡಿಯಾಗಬಾರದೆಂದು ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಸದ್ದಿಲ್ಲದೆ ಬಾಗಿಲಲ್ಲಿ ಇಟ್ಟುಹೋಗುವ ಪದ್ಧತಿ. ಇಲ್ಲಿನ ಒಂದು ವಾಡಿಕೆ ನನ್ನ ಮನಸ್ಸನ್ನು ಬಹಳವಾಗಿ ಸೆಳೆಯಿತು. ಆಯಾ ಮನೆಯಲ್ಲಿ ಇದ್ದು ಹೋಗುವವರು ಅಲ್ಲಿರುವ ಒಂದು ಮರದ ಹಲಗೆಯ ಮೇಲೆ ತಮ್ಮ ಹೆಸರನ್ನೂ ದಿನಾಂಕವನ್ನೂ ಬರೆದು ಹೋಗುತ್ತಾರೆ. ಆ ಹಲಗೆಗಳಿಗೆ ಅವರು ಇಟ್ಟಿರುವ ಹೆಸರು "ಗೋರಿಕಲ್ಲು". ಮೊದಲು ಕೇಳಿದಾಗ ಇದು ಅಪಶಕುನದ ಹೆಸರೆಂದು ತೋರಬಹುದು. ಯೋಚಿಸಿದರೆ ಬಹಳ ಅರ್ಥವತ್ತಾಗಿದೆ. ಅಲ್ಲಿದ್ದ ಕೆಲವು ವಾರಗಳ ಬಾಳು ಅಲ್ಲಿಗೆ ಮುಗಿಯಿತು. ಇನ್ನು ಈ ಮೇಜು ಬೇರೆಯವರದು. ಥಾರ್ನ್‌ಟನ್ ವೈಲ್ಡರ್ ಅವರಂಥ ನಾಟಕಕಾರರೂ ಜೇಮ್ಸ್ ಬಾಲ್ಡ್‌ವಿನ್ ಅವರಂಥ ಕಾದಂಬರಿಕಾರರೂ ಅಲ್ಲಿ ಅತಿಥಿಗಳಾಗಿದ್ದು ಬರೆದರು. ಯಾರಿಗೂ ಆ ಮೇಜು ಸ್ವಂತವಾಗಲಿಲ್ಲ. ಹೊಸಬರು ಬಂದು ಕುಳಿತು ತಲೆಯೆತ್ತಿದರೆ ಹಿಂದಿನವರ ಹೆಸರುಗಳು ಕಾಣುತ್ತವೆ. ಹೊರಡುವವರ ಕೊನೆಯ ದಿನವು ಬರುವವರ ಮೊದಲ ದಿನಕ್ಕೆ ಒಪ್ಪಿಸಿದ ಓಲೆಯಂತಿದೆ.

ಇನ್ನು ನಾನಾ ಭಾಷೆಗಳ ಲೇಖಕರನ್ನು ಒಂದೆಡೆ ಕೂಡಿಸಿದ ಕೀರ್ತಿ ಅದೇ ದೇಶದ ಅಯೋವಾ ವಿಶ್ವವಿದ್ಯಾಲಯದ್ದು. ಜೋಳದ ಹೊಲಗಳ ನಡುವೆ ಅಯೋವಾ ನದಿಯ ದಂಡೆಯ ಮೇಲಿರುವ ಅಯೋವಾ ಸಿಟಿ ದೊಡ್ಡ ನಗರವೇನಲ್ಲ. ಅಲ್ಲಿ ೧೯೬೭ರಲ್ಲಿ ಅಂತರರಾಷ್ಟ್ರೀಯ ಬರವಣಿಗೆ ಕಾರ್ಯಕ್ರಮವು ಮೊದಲಾಯಿತು. ಅಂದಿನಿಂದ ೧೬೦ಕ್ಕೂ ಹೆಚ್ಚು ದೇಶಗಳ ೧,೬೦೦ಕ್ಕೂ ಹೆಚ್ಚು ಲೇಖಕರು ಅಲ್ಲಿಗೆ ಬಂದು ಹೋಗಿದ್ದಾರೆ. ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ ಬಂದವರು ನವೆಂಬರ್ ತಿಂಗಳಲ್ಲಿ, ಮರಗಳ ಎಲೆಯುದುರುವ ಹೊತ್ತಿಗೆ ಹೊರಡುತ್ತಾರೆ. ೧೯೮೫ರಲ್ಲಿ ತುರ್ಕಿಯ ಒರ್ಹಾನ್ ಪಾಮುಕ್, ೧೯೯೮ರಲ್ಲಿ ಕೊರಿಯದ ಹಾನ್ ಕಾಂಗ್, ೨೦೦೪ರಲ್ಲಿ ಚೀನದ ಮೊ ಯಾನ್ ಅಲ್ಲಿ ಇದ್ದು ಹೋದರು. ಮುಂದೆ ಈ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಕನ್ನಡದ ವಿವೇಕ ಶಾನಭಾಗರು ೨೦೧೬ರಲ್ಲಿ ಅಲ್ಲಿನ ಗೌರವ ಫೆಲೋ ಆಗಿದ್ದರು. ೨೦೦೮ರಲ್ಲಿ ಯುನೆಸ್ಕೊ ಸಂಸ್ಥೆಯು ಆ ಊರನ್ನು ಸಾಹಿತ್ಯ ನಗರಿಯೆಂದು ಘೋಷಿಸಿತು.

ಈ ಕಾರ್ಯಕ್ರಮದ ಹುಟ್ಟಿನಲ್ಲಿಯೇ ಹಿಂದಿರುಗುವಿಕೆಯ ಪ್ರಶ್ನೆ ಅಡಗಿದೆ. ಇದನ್ನು ಕಟ್ಟಿದವರು ಇಬ್ಬರು. ಒಬ್ಬರು ಅಯೋವಾದಲ್ಲಿಯೇ ಹುಟ್ಟಿದ ಕವಿ ಪಾಲ್ ಎಂಗಲ್. ಇನ್ನೊಬ್ಬರು ಚೀನದ ಹುಬೆ ಪ್ರಾಂತದಲ್ಲಿ ೧೯೨೫ರಲ್ಲಿ ಹುಟ್ಟಿದ ಕಾದಂಬರಿಗಾರ್ತಿ ಹುವಾಲಿಂಗ್ ನಿಯೆ. ಆಕೆ ೧೯೪೯ರಲ್ಲಿ ಚೀನವನ್ನು ಬಿಟ್ಟು ತೈವಾನಿಗೆ ಹೋದರು. ಅಲ್ಲಿ ಆಕೆ ಕೆಲಸ ಮಾಡುತ್ತಿದ್ದ ಪತ್ರಿಕೆಯನ್ನು ೧೯೬೦ರಲ್ಲಿ ಸರ್ಕಾರ ಮುಚ್ಚಿಸಿತು. ೧೯೬೪ರಲ್ಲಿ ಅಯೋವಾಕ್ಕೆ ಬಂದರು. ನಾನಾ ದೇಶಗಳ ಲೇಖಕರನ್ನು ಕರೆಸೋಣ ಎಂಬ ಆಲೋಚನೆಯನ್ನು ಎಂಗಲ್ ಅವರ ಮುಂದಿಟ್ಟವರು ಈಕೆ. ಮುಂದೆ ಇಬ್ಬರೂ ಮದುವೆಯಾದರು. ತನ್ನ ಹುಟ್ಟೂರಿಗೆ ಹೋಗುವ ದಾರಿ ವರ್ಷಗಳ ಕಾಲ ಮುಚ್ಚಿದ್ದ ಹೆಣ್ಣುಮಗಳು, ವರ್ಷವರ್ಷವೂ ಲೋಕದ ಲೇಖಕರನ್ನು ಬರಮಾಡಿಕೊಂಡು, ಕೊನೆಯ ದಿನ ಅವರವರ ಊರಿಗೆ ಕಳುಹಿಸಿಕೊಟ್ಟಳು. ೨೦೨೪ರಲ್ಲಿ, ೯೯ ವರ್ಷದ ತುಂಬು ಬಾಳಿನ ಕೊನೆಯಲ್ಲಿ ಆಕೆ ಅಯೋವಾದಲ್ಲಿಯೇ ಕಣ್ಣುಮುಚ್ಚಿದರು. ಪಾಲ್ ಎಂಗಲ್ ಅವರಾದರೋ ೧೯೯೧ರಲ್ಲಿ ಪೋಲೆಂಡಿಗೆ ಹೊರಟಿದ್ದಾಗ ಷಿಕಾಗೊ ವಿಮಾನ ನಿಲ್ದಾಣದಲ್ಲಿ ತೀರಿಕೊಂಡರು. ಇತರರಿಗೆ ನೆಲೆಯಾಗಿ ನಿಂತವರು ತಾವು ದಾರಿಯಲ್ಲಿಯೇ ಬಾಳನ್ನು ಮುಗಿಸಿದರು.

ಕೊನೆಯ ದಿನ ಲೇಖಕನ ಕೈಯಲ್ಲಿ ಏನಿರುತ್ತದೆ? "ಎಷ್ಟು ಪುಟ ಬರೆದಿರಿ?" ಎಂದು ನಾವು ಕೇಳುತ್ತೇವೆ. ಲೆಕ್ಕಪತ್ರದ ಕಾಲವಲ್ಲವೇ! ಆದರೆ ಈ ಪ್ರಶ್ನೆ ಬಿತ್ತಿದ ದಿನವೇ ರಾಶಿಯನ್ನು ಅಳೆಯಲು ಕೊಳಗ ಹಿಡಿದು ಹೋದಂತೆ. ಬರಹವಾಸದ ಫಲವು ಬಹಳ ಸಲ ಆ ಊರಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮರಳಿ ಬಂದ ಊರಿನಲ್ಲಿ, ತಡವಾಗಿ ಕಾಣಿಸಿಕೊಳ್ಳುತ್ತದೆ. ಚೀನದ ವಾಂಗ್ ಆನ್‌ಯಿ ಎಂಬ ಕಥೆಗಾರ್ತಿ ೧೯೮೩ರಲ್ಲಿ, ತಾವೂ ಲೇಖಕಿಯಾಗಿದ್ದ ತಮ್ಮ ತಾಯಿಯೊಡನೆ ಅಯೋವಾಕ್ಕೆ ಹೋದರು. ಅಲ್ಲಿಂದ ಮರಳಿದ ಮೇಲೆ ಬಹಳ ಕಾಲ ಅವರಿಗೆ ಬರೆಯುವುದೇ ಕಷ್ಟವಾಯಿತು. ಅನಂತರ ೧೯೮೫ರಲ್ಲಿ ಅವರು ಬರೆದದ್ದು ಅಮೆರಿಕದ ಕಥೆಯನ್ನಲ್ಲ, "ಬಾವೊ ಹಳ್ಳಿ"ಯ ಕಥೆಯನ್ನು. ಎಳೆಯ ವಯಸ್ಸಿನಲ್ಲಿ ಸರ್ಕಾರದ ಆಜ್ಞೆಯಂತೆ ಅವರು ದುಡಿಯಲು ಹೋಗಿದ್ದ ಆನ್‌ಹ್ವೆ ಪ್ರಾಂತದಂಥ ಹಳ್ಳಿನಾಡಿನ ಬದುಕು ಅದು. ಸಾವಿರಾರು ಮೈಲಿ ದೂರ ಹೋಗಿ ಬಂದವರಿಗೆ ಕಂಡದ್ದು ಮನೆಯ ಹಿತ್ತಿಲು. ದೂರ ಹೋಗದಿದ್ದರೆ ಅದು ಹಾಗೆಯೇ ಕಾಣುತ್ತಿತ್ತೆ ಎಂಬುದು ಯೋಚಿಸಬೇಕಾದ ಮಾತು.

ನಮ್ಮಲ್ಲಿಯೂ ಇದಕ್ಕೆ ಸಮೀಪವಾದ ಒಂದು ನಿದರ್ಶನವಿದೆ. ಯು. ಆರ್. ಅನಂತಮೂರ್ತಿಯವರು ೧೯೬೩ರಿಂದ ೧೯೬೬ರವರೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇದ್ದರು. ಅದು ಬರಹವಾಸವಲ್ಲ, ಸಂಶೋಧನೆಗೆ ಸಿಕ್ಕಿದ ವಿದ್ಯಾರ್ಥಿವೇತನ. ಅಲ್ಲಿ ಬರ್ಗ್‌ಮನ್ ಅವರ ಒಂದು ಸ್ವೀಡಿಷ್ ಚಲನಚಿತ್ರವನ್ನು ನೋಡಿದ್ದು "ಸಂಸ್ಕಾರ"ಕ್ಕೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಹೊರಗೆ ಇಂಗ್ಲೆಂಡಿನ ಕೈಗಾರಿಕಾ ನಗರ, ಹಾಳೆಯ ಮೇಲೆ ಮಲೆನಾಡಿನ ಅಗ್ರಹಾರ, ಭಾಷೆ ಕನ್ನಡ. ೧೯೬೫ರಲ್ಲಿ ಕಾದಂಬರಿ ಹೊರಬಂದಿತು. ಅವರು ಇಂಗ್ಲಿಷಿನಲ್ಲಿ ಬರೆಯಲು ಶಕ್ತರಾಗಿದ್ದವರು. ಆದರೂ ಸಾಲವನ್ನು ಕನ್ನಡಕ್ಕೇ ಸಲ್ಲಿಸಿದರು.

ಬಂಗಾಳಿಯ ಸುನೀಲ್ ಗಂಗೋಪಾಧ್ಯಾಯರ ಮಾತೂ ಇಲ್ಲಿ ನೆನಪಾಗುತ್ತದೆ. ೧೯೫೩ರಲ್ಲಿ "ಕೃತ್ತಿವಾಸ್" ಎಂಬ ಕಾವ್ಯಪತ್ರಿಕೆಯನ್ನು ಆರಂಭಿಸಿದವರಲ್ಲಿ ಒಬ್ಬರಾದ ಇವರನ್ನು ಪಾಲ್ ಎಂಗಲ್ ಅವರು ಅಯೋವಾಕ್ಕೆ ಆಹ್ವಾನಿಸಿದರು. ೧೯೬೩ರಲ್ಲಿ ಹೋದರು. ಅಲ್ಲಿ ಉಳಿದುಕೊಳ್ಳುವ ಅವಕಾಶ ಕಣ್ಣೆದುರಿಗೆ ಇತ್ತು. ಕಲ್ಕತ್ತೆಯಲ್ಲಿ ಕಾದಿದ್ದದ್ದು ಕೈಬಿಗಿಹಿಡಿದು ನಡೆಸಬೇಕಾದ ಸಂಸಾರ. ಆದರೆ ತಾವು ಬರೆಯಬೇಕಾದದ್ದು ಬಂಗಾಳಿಯಲ್ಲಿ ಎಂದು ನಿರ್ಧರಿಸಿ ಅವರು ಮರಳಿ ಬಂದರು. ಮುಂದೆ ಬಂಗಾಳಿಯ ಅಗ್ರಗಣ್ಯ ಲೇಖಕರಲ್ಲಿ ಒಬ್ಬರಾದರು. ಹಾಗೆ ಮರಳದೆ ಇದ್ದಿದ್ದರೆ ಅವರು ಸುಖವಾಗಿ ಇರುತ್ತಿದ್ದರೋ ಏನೋ. ಬಂಗಾಳಿಗೆ ಮಾತ್ರ ನಷ್ಟವಾಗುತ್ತಿತ್ತು.

ಎಲ್ಲರಿಗೂ ಈ ಭಾಗ್ಯ ಸುಲಭವಲ್ಲವೆಂಬುದನ್ನು ಮರೆಯಬಾರದು. ತೈವಾನಿನ ಚೆನ್ ಯಿಂಗ್‌ಜೆನ್ ಅವರಿಗೆ ಅಯೋವಾದಿಂದ ಆಹ್ವಾನ ಬಂದಿತ್ತು. ೧೯೬೮ರಲ್ಲಿ, ಹೊರಡುವ ಮೊದಲೇ, ಅವರನ್ನು ಸರ್ಕಾರ ಬಂಧಿಸಿತು. ೧೦ ವರ್ಷದ ಶಿಕ್ಷೆಯಾಯಿತು. ೧೯೭೫ರಲ್ಲಿ ಬಿಡುಗಡೆಯಾದರು. ಅವರು ಅಯೋವಾವನ್ನು ಕಂಡದ್ದು ೧೯೮೩ರಲ್ಲಿ. ಮೊದಲ ದಿನಕ್ಕೆ ೧೫ ವರ್ಷ ಕಾದ ಅತಿಥಿ ಇವರು. ಇಂಥವರಿಗೆ ಕೊನೆಯ ದಿನದ ಅರ್ಥವೇ ಬೇರೆ. ಕೆಲವು ದೇಶಗಳ ಲೇಖಕರಿಗೆ ಮನೆಗೆ ಹೊರಡುವ ವಿಮಾನವೆಂದರೆ ಮತ್ತೆ ಕಟ್ಟುಪಾಡಿನ ಕಡೆಗೆ ಪ್ರಯಾಣ. ಹಾಗೆ ಮರಳುವುದಕ್ಕೆ ಧೈರ್ಯ ಬೇಕು. ಮರಳಲಾರದವರನ್ನು ಹಳಿಯುವ ಹಕ್ಕು ನಮ್ಮಂಥ ನಿರ್ಭೀತ ನೆಲೆಯಲ್ಲಿ ಕುಳಿತವರಿಗೆ ಇಲ್ಲ. ನನ್ನ ಮಾತು ಮರಳಬಲ್ಲವರನ್ನು ಕುರಿತದ್ದು ಮಾತ್ರ.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ಬರೆಯುವ ಶಕ್ತಿಯಿದ್ದವರು ಎಲ್ಲಿದ್ದರೂ ಬರೆಯುತ್ತಾರೆ, ಅದಕ್ಕೆ ಪರದೇಶದ ಮೇಜು ಏಕೆ? ಈ ಆಕ್ಷೇಪಣೆಯಲ್ಲಿ ತಿರುಳಿದೆ. ೨೦೨೫ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದುಕೊಟ್ಟ ಬಾನು ಮುಷ್ತಾಕ್ ಅವರು ಹಾಸನದಲ್ಲಿ ವಕೀಲಿ ಮಾಡುತ್ತ ಕಥೆ ಬರೆದವರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಆ ಸಂಗ್ರಹದಲ್ಲಿರುವ ೧೨ ಕಥೆಗಳು ೧೯೯೦ರಿಂದ ೨೦೨೩ರವರೆಗಿನ ದೀರ್ಘ ಅವಧಿಯಲ್ಲಿ ಬರೆದವು. ಸಂಸಾರ, ವೃತ್ತಿ, ಹೋರಾಟ ಇವುಗಳ ನಡುವೆ ಬಿಡುವನ್ನು ಹೆಕ್ಕಿಕೊಂಡೇ ಮೂಡಿಬಂದ ಸಾಹಿತ್ಯ ನಮ್ಮಲ್ಲಿ ಬಹಳವಿದೆ. ಆದರೆ ಹೊಳೆಯನ್ನು ಈಜಿ ದಾಟಿದವರನ್ನು ತೋರಿಸಿ ಸೇತುವೆ ಬೇಡವೆನ್ನುವುದು ನ್ಯಾಯವೇ? ದಾಟಿದವರ ಹೆಸರು ನಮಗೆ ಗೊತ್ತು. ನಡುನೀರಿನಲ್ಲಿ ಕೈಸೋತವರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲಿಯೂ ಇಲ್ಲ.

ಈ ಮಾತನ್ನು ಹೇಳುವಾಗ ನಮ್ಮ ಸಹಪಾಠಿಗಳ ಸ್ಥಿತಿ ನನ್ನ ಕಣ್ಣಮುಂದಿದೆ. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನನ್ನಿಂದ ಮೊದಲು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಮೇಜು ಎಂಬುದೇ ಇಲ್ಲ. ಇದ್ದರೆ ಅದರ ಮೇಲೆ ಟೆಲಿವಿಷನ್ನು, ದೇವರ ಪಟ, ಔಷಧಿಯ ಸೀಸೆ ಇರುತ್ತವೆ. ಒಂದು ಗಂಟೆ ಸುಮ್ಮನೆ ಕುಳಿತರೆ "ಏನೂ ಕೆಲಸವಿಲ್ಲವೇ?" ಎಂದು ಕೇಳುತ್ತಾರೆ. ಹಾಗೆ ಕೇಳುವವರ ತಪ್ಪೂ ಅಲ್ಲ. ಬೆಳಗಿನಿಂದ ಬೈಗಿನವರೆಗೆ ದುಡಿದವರ ಕಣ್ಣಿಗೆ ಕುಳಿತು ಯೋಚಿಸುವುದು ಕೆಲಸವೆಂದು ಹೇಗೆ ತೋರೀತು? ಬರಹವಾಸವು ಕೊಡುವ ದೊಡ್ಡ ವಸ್ತು ಅಮೆರಿಕದ ದರ್ಶನವಲ್ಲ. "ಬರೆಯುವುದೂ ಒಂದು ಕೆಲಸ; ಅದನ್ನು ಮಾಡು, ಊಟವನ್ನು ನಾವು ತರುತ್ತೇವೆ" ಎಂದು ಸಮಾಜವೊಂದು ಹೇಳುವ ಮಾತು. ಆ ಮಾತನ್ನು ಬಾಳಿನಲ್ಲಿ ಒಂದು ಸಲವಾದರೂ ಕೇಳಿಸಿಕೊಂಡವರ ಬೆನ್ನು ನೇರವಾಗುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು: ಆ ಊಟದ ಹಣ ಯಾರದು? ಕೇಳಲೇಬೇಕಾದ ಪ್ರಶ್ನೆ. ೧೯೬೦ರ ದಶಕದಲ್ಲಿ ಎಂಗಲ್ ಅವರ ಅಯೋವಾ ಕಾರ್ಯಾಗಾರಕ್ಕೆ ನೆರವಾದವರಲ್ಲಿ ಫಾರ್‌ಫೀಲ್ಡ್ ಫೌಂಡೇಷನ್ ಎಂಬ ಪ್ರತಿಷ್ಠಾನವೂ ಇತ್ತು. ಅದು ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯ ಹಣವನ್ನು ಮರೆಯಿಂದ ಹಂಚುತ್ತಿದ್ದ ಸಂಸ್ಥೆ. ಅಂತರರಾಷ್ಟ್ರೀಯ ಕಾರ್ಯಕ್ರಮಕ್ಕೆ ಅಮೆರಿಕದ ವಿದೇಶಾಂಗ ಇಲಾಖೆಯು ದಶಕಗಳ ಕಾಲ ಬಹಿರಂಗವಾಗಿಯೇ ಹಣ ಒದಗಿಸಿತು. ತಮ್ಮ ದೇಶದ ಬಗ್ಗೆ ಲೋಕದ ಲೇಖಕರಲ್ಲಿ ಒಳ್ಳೆಯ ಭಾವನೆ ಮೂಡಲಿ ಎಂಬ ಉದ್ದೇಶ ಅದರಲ್ಲಿ ಇರದೆ ಇಲ್ಲ. ಹಾಗೆಂದು ಅಲ್ಲಿಗೆ ಹೋಗಿಬಂದ ಲೇಖಕರೆಲ್ಲ ಅಮೆರಿಕದ ಭಟರಾದರೆ? ಇಲ್ಲ. ಚೆನ್ ಯಿಂಗ್‌ಜೆನ್ ಅವರು ಅಮೆರಿಕದ ಪ್ರಭಾವವನ್ನು ಕಟುವಾಗಿ ಟೀಕಿಸುತ್ತಲೇ ಬಂದವರು. ಉಪ್ಪು ತಿಂದವರು ಋಣಿಗಳಾಗಿರಬೇಕು ನಿಜ. ಆದರೆ ಋಣವನ್ನು ಹೊಗಳಿಕೆಯಿಂದ ತೀರಿಸುವವನು ಆಸ್ಥಾನದ ಭಟ್ಟಂಗಿ, ಕೃತಿಯಿಂದ ತೀರಿಸುವವನು ಲೇಖಕ. ಆ ವ್ಯತ್ಯಾಸ ತಿಳಿಯುವುದು ಕೊನೆಯ ದಿನದ ಅನಂತರವೇ. ಅತಿಥಿಯಾಗಿರುವವರೆಗೆ ಎಲ್ಲರೂ ವಿನಯಶಾಲಿಗಳು.

ಈ ಬಗೆಯ ವಿನಿಮಯದ ಕಾನೂನಿನಲ್ಲಿಯೂ ಒಂದು ವಿವೇಕ ಕಾಣುತ್ತದೆ. ಸರ್ಕಾರದ ಹಣದಿಂದ ವಿನಿಮಯ ಅತಿಥಿಗಳಾಗಿ ಅಮೆರಿಕಕ್ಕೆ ಹೋದವರು ಸಾಮಾನ್ಯವಾಗಿ ೨ ವರ್ಷ ಸ್ವದೇಶದಲ್ಲಿ ಇದ್ದ ಹೊರತು ಅಲ್ಲಿ ಖಾಯಂ ಆಗಿ ನೆಲೆಸುವ ಪರವಾನಗಿ ಪಡೆಯುವಂತಿಲ್ಲ. ಕಾನೂನು ಕಠಿಣವೆನಿಸಿದರೂ ಅದರ ಅಭಿಪ್ರಾಯ ಸ್ಪಷ್ಟ: ವಿನಿಮಯವೆಂದರೆ ಹೋಗುವುದಷ್ಟೇ ಅಲ್ಲ, ಮರಳುವುದೂ ಹೌದು.

ಆದರೆ ೨೦೨೫ರಲ್ಲಿ ನಡೆದ ಸಂಗತಿ ನಮ್ಮ ಕಣ್ಣು ತೆರೆಸಬೇಕು. ಆ ವರ್ಷದ ಫೆಬ್ರವರಿ ಕೊನೆಯಲ್ಲಿ ವಿದೇಶಾಂಗ ಇಲಾಖೆಯು ಅಯೋವಾ ಕಾರ್ಯಕ್ರಮಕ್ಕೆ ಕೊಡುತ್ತಿದ್ದ ನೆರವನ್ನು ರದ್ದುಮಾಡಿತು. ಕೈತಪ್ಪಿದ್ದು ಸುಮಾರು ೧೦ ಲಕ್ಷ ಡಾಲರ್. ಎಳೆಯ ಬರಹಗಾರರಿಗಾಗಿ ನಡೆಯುತ್ತಿದ್ದ ಬೇಸಗೆ ಶಿಬಿರವೂ ದೂರಶಿಕ್ಷಣದ ತರಗತಿಗಳೂ ಇದರಿಂದ ನಿಂತವು. ಮುಖ್ಯ ಬರಹವಾಸವನ್ನು ಕೈಬಿಡದೆ, ಕಡಮೆ ಜನರನ್ನು ಕರೆದು ನಡೆಸಬೇಕಾಯಿತು. ಅರ್ಧ ಶತಮಾನಕ್ಕೂ ಮೀರಿ ಲೇಖಕರಿಗೆ ಕೊನೆಯ ದಿನವನ್ನು ಗೊತ್ತುಮಾಡುತ್ತಿದ್ದ ಸಂಸ್ಥೆಗೇ ಕೊನೆಯ ದಿನ ಬಂದೀತೇನೋ ಎಂಬ ಅಳುಕು ಹುಟ್ಟಿತು. ಒಂದು ಕಚೇರಿಯ ಒಂದು ಪತ್ರ ಸಾಕಾಯಿತು. "ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ?" ಎಂದು ನಮ್ಮ ಗಾದೆ ಕೇಳುತ್ತದೆ. ನಮ್ಮ ಲೇಖಕರಿಗೆ ಬಿಡುವು ಬೇಕಾದಾಗಲೆಲ್ಲ ಬೇರೆ ದೇಶದ ಬುತ್ತಿಯನ್ನು ನೆಚ್ಚಿಕೊಂಡಿದ್ದರೆ, ಆ ದೇಶದ ಮನಸ್ಸು ಬದಲಾದ ದಿನ ನಮ್ಮ ಮೇಜೂ ಹೋಗುತ್ತದೆ.

ಆದುದರಿಂದ ಮರಳಿ ಬರುವವರ ಕರ್ತವ್ಯವನ್ನು ಹೇಳಿದ ಮೇಲೆ, ಬರಮಾಡಿಕೊಳ್ಳುವವರ ಕರ್ತವ್ಯವನ್ನೂ ಹೇಳಬೇಕು. ಪರದೇಶದಿಂದ ಬಂದವರಿಗೆ ನಾವು ಇನ್ನೊಂದು ಶಾಲು ಹೊದಿಸುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಅವರು ಅಲ್ಲಿ ಏನು ಕಲಿತರು, ಯಾವ ಭಾಷೆಯವರೊಡನೆ ಮಾತನಾಡಿದರು, ಯಾವ ಪುಸ್ತಕವನ್ನು ನಾವು ಓದಬೇಕು ಎಂದು ಕೇಳುವ ಸಭೆಗಳು ಎಷ್ಟು? ಅವರು ಕಂಡ ಆ ಮೇಜಿನಂಥ ಒಂದು ಮೇಜನ್ನು ಇಲ್ಲಿ ಹಾಕೋಣ ಎಂದು ಹೊರಟವರು ಎಷ್ಟು? ಕೇಳುವ ಜನವಿಲ್ಲದ ಊರಿಗೆ ಮರಳಿದವರು ಮತ್ತೆ ಹೊರಡುವ ದಿನವನ್ನೇ ಎಣಿಸುತ್ತಾರೆ.

ಹಣವಿಲ್ಲವೆಂದು ಹೇಳುವಂತಿಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂತೆ ಕಟ್ಟಡ, ಭೂಮಿಗಳ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ನಮ್ಮ ರಾಜ್ಯದಲ್ಲಿ ವಸೂಲು ಮಾಡುತ್ತಾರೆ. ಅದು ಈಗ ನೂರಕ್ಕೆ ೬ರಷ್ಟು. ಜಿಲ್ಲೆ ಜಿಲ್ಲೆಗೂ ಕೇಂದ್ರ ಗ್ರಂಥಾಲಯವಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು "ಅರಿವು ಕೇಂದ್ರ"ಗಳೆಂಬ ಚೆಲುವಾದ ಹೆಸರನ್ನು ಪಡೆದಿವೆ. ಪ್ರತಿಯೊಂದು ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಕೋಣೆ, ಒಂದು ಮೇಜು, ಒಂದು ದೀಪ, ವರ್ಷದಲ್ಲಿ ೧೨ ಜನಕ್ಕೆ ತಿಂಗಳಿಗೊಬ್ಬರಂತೆ ಅವಕಾಶ, ಮಧ್ಯಾಹ್ನದ ಊಟ. ಇದು ಆಗದ ಕೆಲಸವೇ? ಹಳ್ಳಿಯ ನೆಲೆಯಿಂದಲೇ ದೊಡ್ಡ ಕೆಲಸ ಮಾಡಬಹುದೆಂಬುದನ್ನು ೧೯೪೯ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ತೋರಿಸಿಕೊಟ್ಟಿದೆ. ಅಡಿಕೆ ತೋಟಗಳ ನಡುವೆ ನಾಟಕಶಾಲೆ ನಡೆಯುವುದಾದರೆ, ಪೇಟೆಯ ಗ್ರಂಥಾಲಯದಲ್ಲಿ ಒಂದು ಮೇಜು ಏಕೆ ನಡೆಯಬಾರದು?

ನಮ್ಮ ಕಾಲೇಜಿನ ಮಟ್ಟಿಗೂ ಒಂದು ಸೂಚನೆಯನ್ನು ಅಧ್ಯಾಪಕ ವರ್ಗದವರ ಮುಂದೆ ವಿನಯದಿಂದ ಇಡುತ್ತೇನೆ. ಬೇಸಗೆಯ ರಜೆಯಲ್ಲಿ ಗ್ರಂಥಾಲಯದ ಒಂದು ಕೋಣೆಯನ್ನು ಬರೆಯಬಯಸುವ ಐದಾರು ವಿದ್ಯಾರ್ಥಿಗಳಿಗೆ ಒಂದು ತಿಂಗಳು ಬಿಟ್ಟುಕೊಡಬೇಕು. ಅವರಿಗೆ ಪಾಠ ಬೇಡ, ಪರೀಕ್ಷೆ ಬೇಡ, ಬಹುಮಾನವೂ ಬೇಡ. ಕೊನೆಯ ದಿನ ಮಾತ್ರ ಒಂದು ನಿಯಮವಿರಲಿ: ಬರೆದದ್ದನ್ನು, ಅದು ಒಂದೇ ಪುಟವಾದರೂ, ಸಹಪಾಠಿಗಳ ಮುಂದೆ ನಿಂತು ಓದಬೇಕು; ಮುಂದಿನ ವರ್ಷ ಬರುವವರಿಗಾಗಿ ಹಲಗೆಯ ಮೇಲೆ ಹೆಸರು ಬರೆದು ಹೋಗಬೇಕು. ಪೀಟರ್‌ಬರೊ ಊರಿನ ಆ ಹಲಗೆಗೆ ಆದ ಖರ್ಚಿಗಿಂತ ನಮ್ಮ ಹಲಗೆಗೆ ಹೆಚ್ಚು ಖರ್ಚಾಗಲಾರದು.

ಕಡೆಯದಾಗಿ ನನ್ನ ಜೊತೆಯ ಅಂತಿಮ ವರ್ಷದವರಿಗೆ ಒಂದು ಮಾತು. ಸರ್ಕಾರಿ ಕಾಲೇಜಿನಲ್ಲಿ ಕಳೆದ ಈ ವರ್ಷಗಳೂ ಒಂದು ಬಗೆಯ ವಾಸವೇ. ಕೋಣೆ ಸಾರ್ವಜನಿಕರದು, ಬೆಂಚು ಸಾರ್ವಜನಿಕರದು, ಪುಸ್ತಕ ಸಾರ್ವಜನಿಕರದು. ತಾವು ಓದದ ಜನ ತೆರಿಗೆ ಕೊಟ್ಟು ನಮ್ಮನ್ನು ಓದಿಸಿದರು. ಇನ್ನು ಕೆಲವು ವಾರಗಳಲ್ಲಿ ನಾವೂ ಎಲ್ಲೆ ದಾಟುತ್ತೇವೆ. ಕೆಲವರು ಬೆಂಗಳೂರಿಗೆ, ಕೆಲವರು ಇನ್ನೂ ದೂರಕ್ಕೆ ಹೋಗಬಹುದು. ಹೋಗಲಿ, ಹೋಗಲೇಬೇಕು. ಆದರೆ "ಉಂಡೂ ಹೋದ, ಕೊಂಡೂ ಹೋದ" ಎಂಬ ಮಾತು ನಮಗೆ ಬರಬಾರದು. ಅಯೋವಾದಿಂದ ಹೊರಡುವ ಲೇಖಕನಿಗೂ ಈ ಕಾಲೇಜಿನಿಂದ ಹೊರಡುವ ವಿದ್ಯಾರ್ಥಿಗೂ ಕೊನೆಯ ದಿನ ಎದುರಾಗುವ ಪ್ರಶ್ನೆ ಒಂದೇ: ಈ ಮೇಜನ್ನು ನಿನಗೆ ಕೊಟ್ಟರು, ನೀನು ಯಾರಿಗೆ ಕೊಡುತ್ತೀಯೆ?